ಬರೆಯುವ ಮೇಜಿನಿಂದ ಆರಂಭಿಸಿ: ಚೀನಾದ ಹಳೆಯ ಕಲಾವಸ್ತುಗಳನ್ನು ಸಂಗ್ರಹಿಸುವ ಬಗೆ

ಚೀನಾದ ಹಳೆಯ ಕಲಾವಸ್ತು ಎಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ನೀಲಿ-ಬಿಳಿ ಹೂದಾನಿ. ಹೂದಾನಿಯಿಂದ ಆರಂಭಿಸಿದವರು ಬೇಗ ಮೋಸ ಹೋಗುತ್ತಾರೆ, ಏಕೆಂದರೆ ನಕಲು ಮಾಡುವವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಬೆಳಗಾವಿಯಂಥ ಊರಿನಲ್ಲಿದ್ದು, ಸಂಬಳದ ಒಂದು ಸಣ್ಣ ಪಾಲನ್ನು ಮಾತ್ರ ಈ ಹವ್ಯಾಸಕ್ಕೆ ತೆಗೆದಿಡಬಲ್ಲವರಿಗೆ ನಾನು ಬೇರೆ ದಾರಿಯನ್ನು ಹೇಳುತ್ತೇನೆ. ಚೀನಾದ ವಿದ್ವಾಂಸರು ತಮ್ಮ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡು ದಿನವೂ ಬಳಸುತ್ತಿದ್ದ ಸಣ್ಣ ಸಾಮಾನುಗಳಿಂದ, ಅಂದರೆ ಮಸಿಗಲ್ಲು, ಮಸಿಕಡ್ಡಿ, ಕುಂಚದಾನಿ, ನೀರು ಹನಿಸುವ ಪುಟ್ಟ ಪಾತ್ರೆ, ಕುಂಚ ತೊಳೆಯುವ ಬಟ್ಟಲು, ಕಾಗದ ಹಾರದಂತೆ ಇಡುವ ತೂಕದ ಪಟ್ಟಿ, ಮುದ್ರೆ ಇವುಗಳಿಂದ ಆರಂಭಿಸಿ. ಇವೆಲ್ಲ ಕೈಯಲ್ಲಿ ಸವೆದ ವಸ್ತುಗಳು. ಚಿತ್ರವನ್ನೂ ಬಣ್ಣವನ್ನೂ ಒಬ್ಬ ಜಾಣ ಕುಶಲಕರ್ಮಿ ನಕಲು ಮಾಡಬಲ್ಲ. ನೂರು ವರ್ಷದ ಬಳಕೆಯ ಸವೆತವನ್ನು ನಕಲು ಮಾಡುವುದು ಬಹಳ ಕಷ್ಟ. ಆ ಸವೆತವನ್ನು ಓದಲು ಕಲಿಯುವುದೇ ಈ ಸಂಗ್ರಹದ ವಿದ್ಯೆ.

ಪೂಜೆಗೆ ಗಂಧ ತೇಯುವುದನ್ನು ಕಂಡವರಿಗೆ ಮಸಿಗಲ್ಲನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಗಂಧದ ಕೊರಡನ್ನು ಸುತ್ತ ತಿರುಗಿಸುತ್ತ ತೇಯುವಂತೆಯೇ ಅವರು ಮಸಿಕಡ್ಡಿಯನ್ನು ತೇಯುತ್ತಿದ್ದರು. ಕಲ್ಲಿನ ಒಂದು ತುದಿಯ ತಗ್ಗಿನಲ್ಲಿ ಮಸಿ ನಿಲ್ಲುತ್ತಿತ್ತು. ಅದರಲ್ಲಿ ಕುಂಚವನ್ನು ಅದ್ದಿ ಬರೆಯುತ್ತಿದ್ದರು. ದೀಪದ ಹೊಗೆಯಿಂದ ನಮ್ಮ ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದರಲ್ಲ, ಹಾಗೆಯೇ ಎಣ್ಣೆಯ ಇಲ್ಲವೇ ಪೈನ್ ಮರದ ಹೊಗೆಯ ಮಸಿಯನ್ನು ಹಿಡಿದು, ಪ್ರಾಣಿಗಳ ತೊಗಲು-ಮೂಳೆಯಿಂದ ತೆಗೆದ ಅಂಟಿನಲ್ಲಿ ಕಲಸಿ, ಕೆತ್ತನೆಯ ಕಟ್ಟಿಗೆಯ ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಮಸಿಕಡ್ಡಿ. ಕುಂಚ, ಮಸಿ, ಕಾಗದ, ಮಸಿಗಲ್ಲು ಈ ನಾಲ್ಕನ್ನು ಚೀನಾದಲ್ಲಿ ಓದುಕೋಣೆಯ ನಾಲ್ಕು ರತ್ನಗಳೆಂದು ಕರೆಯುತ್ತಾರೆ. ಇಳಕಲ್ಲಿಗೆ ಸೀರೆ, ಗುಳೇದಗುಡ್ಡಕ್ಕೆ ಖಣ ಹೇಗೋ ಹಾಗೆ ಅಲ್ಲಿ ಪ್ರತಿಯೊಂದಕ್ಕೂ ಹೆಸರಾದ ಊರುಂಟು: ಕುಂಚಕ್ಕೆ ಝೆಜಿಯಾಂಗ್ ಪ್ರಾಂತದ ಹುಝೌ, ಮಸಿಗೆ ಆನ್‌ಹುಯಿ ಪ್ರಾಂತದ ಹುಯಿಝೌ, ಶ್ವಾನ್ ಕಾಗದಕ್ಕೆ ಅದೇ ಪ್ರಾಂತದ ಜಿಂಗ್ ಸೀಮೆ, ಮಸಿಗಲ್ಲಿಗೆ ಗುವಾಂಗ್‌ಡಾಂಗ್ ಪ್ರಾಂತದ ಝಾವೋಚಿಂಗ್.

ಕೊಳ್ಳುವ ಮೊದಲು ನೋಡಬೇಕು, ಬಹಳ ನೋಡಬೇಕು. ನಮ್ಮ ಕಡೆಯವರಿಗೆ ಹತ್ತಿರದ ಜಾಗ ವಿಜಯಪುರ. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಶಾಸನ, ಶಿಲ್ಪ, ಬಿದ್ರಿ ಸಾಮಾನುಗಳ ಜೊತೆಗೆ ಚೀನಿ ಪಿಂಗಾಣಿಯೂ ಇದೆ. 1892ರಲ್ಲಿ ಆರಂಭವಾದ ಈ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ದಖ್ಖನದ ಸುಲ್ತಾನರ ಮತ್ತು ಸರದಾರರ ಮನೆಗಳಲ್ಲಿ ಚೀನಾದ ಪಾತ್ರೆಗಳಿಗೆ ದೊಡ್ಡ ಮಾನವಿತ್ತು. ಹಸಿರು ಛಾಯೆಯ ಸೆಲಡಾನ್ ತಟ್ಟೆಯಲ್ಲಿ ವಿಷದ ಅನ್ನ ಬಡಿಸಿದರೆ ತಟ್ಟೆ ಸೀಳುತ್ತದೆ ಅಥವಾ ಬಣ್ಣಗೆಡುತ್ತದೆ ಎಂಬ ನಂಬಿಕೆಯೂ ಇತ್ತು. ಆದರೆ ವಿಜಯಪುರದಲ್ಲಿ ಬರೆವಣಿಗೆಯ ಸಾಮಾನನ್ನು ಹುಡುಕಬೇಡಿ. ಅಲ್ಲಿ ಪಿಂಗಾಣಿಯ ಮೈಬಣ್ಣವನ್ನೂ ನೀಲಿಯ ಆಳವನ್ನೂ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಜೇಡ್ ಕಲ್ಲಿನ ಕೆತ್ತನೆ ಮತ್ತು ಪುಟ್ಟ ನಶ್ಯದ ಸೀಸೆಗಳಿಗಾಗಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ಜಿ ಟಾಟಾ ಅವರ ಸಂಗ್ರಹಗಳಿಂದ ಬಂದ ಚೀನಾ-ಜಪಾನಿನ ವಸ್ತುಗಳು ಅಲ್ಲಿವೆ. ಹೈದರಾಬಾದಿನ ಸಾಲಾರಜಂಗ್ ಸಂಗ್ರಹಾಲಯದ ಪೂರ್ವದೇಶಗಳ ವಿಭಾಗಕ್ಕೆ ಒಂದು ಇಡೀ ದಿನವನ್ನು ಇಟ್ಟುಕೊಳ್ಳಿ.

ಗಾಜಿನ ಪೆಟ್ಟಿಗೆಯೊಳಗಿನ ವಸ್ತು ತನ್ನ ತಳವನ್ನು ತೋರಿಸುವುದಿಲ್ಲ. ಸಂಗ್ರಾಹಕನಿಗೆ ಬೇಕಾದ ಅರ್ಧ ವಿಷಯವೋ ತಳದಲ್ಲಿಯೇ ಇರುತ್ತದೆ. ಆದ್ದರಿಂದ ಮೊದಲ ಹಣವನ್ನು ಒಡೆದ ಪಾತ್ರೆಗಳಿಗೆ ಹಾಕಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವೆ. ಪೋರ್ಚುಗೀಜರು 1557ರಿಂದ ಮಕಾವಿನಲ್ಲಿ ನೆಲೆಯೂರಿ ಚೀನಾದೊಡನೆ ವ್ಯಾಪಾರ ನಡೆಸಿದ್ದರಿಂದ ಗೋವೆಯ ಹಳೆಯ ದೊಡ್ಡ ಮನೆಗಳಿಗೆ ಆ ಪಿಂಗಾಣಿ ಬಂದು ಸೇರಿತು. ಮುಂಬಯಿಯ ಪಾರಸಿ ವ್ಯಾಪಾರಿಗಳು ಚೀನಾದ ಕ್ಯಾಂಟನ್ ಬಂದರಿನಿಂದ ತಂದದ್ದು ಇನ್ನೊಂದು ಪ್ರವಾಹ. ಇವೆರಡೂ ಹೆಚ್ಚಾಗಿ ರಫ್ತಿಗೆಂದೇ ಮಾಡಿದ ಊಟದ ಪಾತ್ರೆಗಳು ಮತ್ತು ಅಲಂಕಾರದ ಸಾಮಾನುಗಳು. ಪಂಡಿತನ ಮೇಜಿನ ಮಸಿಗಲ್ಲು ಈ ದಾರಿಗಳಲ್ಲಿ ಬಂದದ್ದು ಅಪರೂಪ. ಹಾಗಾಗಿ "ಇದು ಸಂಸ್ಥಾನದ ವಾಡೆಯಿಂದ ಬಂದ ಮಿಂಗ್ ರಾಜವಂಶದ ಕಾಲದ ಮಸಿಗಲ್ಲು" ಎಂದು ಯಾರಾದರೂ ಹೇಳಿದರೆ, ಕಥೆಗೆ ಒಂದು ರೂಪಾಯಿಯನ್ನೂ ಕೊಡದೆ ಕಲ್ಲನ್ನು ಮಾತ್ರ ನೋಡಿ.

ಒಡೆದ ಬಟ್ಟಲೊಂದನ್ನು ಕೈಗೆ ತೆಗೆದುಕೊಂಡರೆ ಏನನ್ನು ನೋಡಬೇಕು? ಮೊದಲು ಅಡಿಯ ಬಳೆ. ಗೂಡಿನಲ್ಲಿ ಕೂರಿಸುವಾಗ ಅಂಟಿಕೊಳ್ಳದಿರಲೆಂದು ಆ ಬಳೆಯ ಅಂಚಿಗೆ ಮೆರುಗುಲೇಪ ಹಚ್ಚಿರುವುದಿಲ್ಲ. ಅಲ್ಲಿ ಬರಿಯ ಮಣ್ಣು ಕಾಣುತ್ತದೆ. ಚೀನಾದಲ್ಲಿ ಪಿಂಗಾಣಿಗೆ ಹೆಸರಾದ ಜಿಂಗ್‌ದಝೆನ್ ಊರಿನ ಗೂಡುಗಳಲ್ಲಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಪಿಂಗಾಣಿಯ ಒಡೆದ ಅಂಚು ಬಿಳಿಯಾಗಿ, ನುಣುಪಾಗಿ, ಗಾಜಿನ ಹಾಗೆ ಬಿಗಿಯಾಗಿರುತ್ತದೆ; ನಾಲಿಗೆಗೆ ತಾಗಿಸಿದರೆ ನೀರು ಹೀರುವುದಿಲ್ಲ. ಹಳೆಯ ಬಳೆಯ ಮೇಲೆ ಬೆರಳಾಡಿಸಿದರೆ ಅದು ವರ್ಷಗಟ್ಟಲೆ ಮೇಜಿನ ಮೇಲೆ ಜಾರಿ ನಯವಾದದ್ದು ತಿಳಿಯುತ್ತದೆ. ಬಟ್ಟಲಿನ ಒಳಗಿನ ಗೀರುಗಳನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ: ಬಳಕೆಯ ಗೀರುಗಳು ಬೇಕಾದ ಕಡೆಗೆಲ್ಲ ಓಡುತ್ತವೆ, ಕೆಲವು ಆಳ, ಕೆಲವು ತೆಳು. ಉಪ್ಪುಕಾಗದ ಉಜ್ಜಿ ಹಳೆಯದು ಮಾಡಿದ್ದರೆ ಗೀರುಗಳು ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಸಾಲಾಗಿ ನಿಂತಿರುತ್ತವೆ. ತಳದ ಲೇಪದಲ್ಲಿ ಮೊಳೆಯ ತುದಿಯಷ್ಟು ಸಣ್ಣ ಗುರುತುಗಳು ಮೂರು-ನಾಲ್ಕು ಇದ್ದರೆ ಅದು ಚೀನಾದ್ದಲ್ಲದೆ ಜಪಾನಿನ ಅರಿಟಾ ಪಾತ್ರೆಯಾಗಿರುವ ಸಂಭವ ಹೆಚ್ಚು.

ತಳದ ಬರಹವನ್ನು ಕೊನೆಗೆ ನೋಡಿ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಅದನ್ನೇ ಮೊದಲು ಓದುವುದು. ಆರು ಅಕ್ಷರಗಳ ಆಳ್ವಿಕೆಯ ಮುದ್ರೆಯನ್ನು ಬಲಗಡೆಯ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ, ಆಮೇಲೆ ಎಡಗಡೆಯ ಸಾಲಿನಲ್ಲಿ ಓದಬೇಕು. ರಾಜವಂಶ, ಚಕ್ರವರ್ತಿಯ ಆಳ್ವಿಕೆಯ ಹೆಸರು, ಆ ಕಾಲದಲ್ಲಿ ಮಾಡಿದ್ದು ಎಂಬುದು ಅದರ ಅರ್ಥ. ಆದರೆ ಚೀನಾದ ಕುಂಬಾರರು ಹಿಂದಿನ ಚಕ್ರವರ್ತಿಗಳ ಹೆಸರನ್ನು ಗೌರವದಿಂದಲೂ ಬರೆಯುತ್ತಿದ್ದರು. ಕಾಂಗ್‌ಶಿ ಚಕ್ರವರ್ತಿಯ ಆಳ್ವಿಕೆಯ (1662–1722) ಪಾತ್ರೆಗಳ ತಳದಲ್ಲಿ 1465ರಿಂದ 1487ರವರೆಗಿನ ಚೆಂಗ್‌ಹುವಾ ಹೆಸರು ಸಿಗುತ್ತದೆ. ಗುವಾಂಗ್‌ಶು ಕಾಲದ (1875–1908) ಪಾತ್ರೆಗಳ ತಳದಲ್ಲಿ ಕಾಂಗ್‌ಶಿಯ ಹೆಸರು ಸಿಗುತ್ತದೆ. ಕಂಚಿನ ಧೂಪದಾನಿಗಳ ಸಂಗತಿಯಂತೂ ಇನ್ನೂ ಸ್ಪಷ್ಟ: ಷ್ವಾನ್‌ದ ಎಂಬ ಹೆಸರು (1426–1435) ಕೆತ್ತಿರುವ ಧೂಪದಾನಿಗಳಲ್ಲಿ ಬಹುಪಾಲು ಆ ಕಾಲದ ಎಷ್ಟೋ ವರ್ಷಗಳ ಮೇಲೆ ಎರಕ ಹೊಯ್ದವು. ಇಂಗ್ಲಿಷಿನಲ್ಲಿ 'ಚೈನಾ' ಎಂದು ಒತ್ತಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು, ಏಕೆಂದರೆ ಆಮದಿನ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕದ ಕಾಯ್ದೆ ಆಗ ಕಡ್ಡಾಯ ಮಾಡಿತು.

ಮಸಿಗಲ್ಲು, ಕುಂಚದಾನಿಗಳ ಮೇಲಿನ ಇಸವಿಗಳನ್ನು ಅರ್ಥಮಾಡಿಕೊಳ್ಳುವುದು ಮಾತ್ರ ನಮಗೆ ಸುಲಭ. ಪ್ರಭವ, ವಿಭವ ಎಂದು ನಮ್ಮ ಪಂಚಾಂಗದಲ್ಲಿ 60 ಸಂವತ್ಸರಗಳು ಸುತ್ತಿ ಬರುವಂತೆ ಅವರಲ್ಲಿಯೂ 60 ವರ್ಷಗಳ ಚಕ್ರವಿದೆ. ಪ್ರತಿ ವರ್ಷಕ್ಕೂ ಎರಡು ಅಕ್ಷರಗಳ ಹೆಸರು. ಚಕ್ರದ ಮೊದಲ ವರ್ಷವಾದ ಜಿಯಾಝಿ ಎಂದಷ್ಟೇ ಕೆತ್ತಿದ್ದರೆ ಅದು 1744 ಆಗಬಹುದು, 1804, 1864 ಆಗಬಹುದು, 1924 ಕೂಡ ಆಗಬಹುದು. ಯಾವುದೆಂದು ಹೇಳಬೇಕಾದದ್ದು ವಸ್ತುವಿನ ಮೈ, ಸವೆತ ಮತ್ತು ಅಕ್ಷರದ ಕೆತ್ತನೆ. ಮಾರುವವರು ಯಾವಾಗಲೂ ಹಿಂದಿನ ಸುತ್ತನ್ನೇ ಹೇಳುತ್ತಾರೆ. ಕೊಳ್ಳುವವರು ಮುಂದಿನ ಸುತ್ತಿನ ಬೆಲೆ ಕೊಡಬೇಕು.

ಇನ್ನು ಮಸಿಗಲ್ಲಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇಡೀ ಸಂಗ್ರಹದಲ್ಲಿ ಇದಕ್ಕಿಂತ ಪ್ರೀತಿಯ ವಸ್ತು ಇಲ್ಲ. ಝಾವೋಚಿಂಗಿನ ದ್ವಾನ್ ಕಲ್ಲು ನೇರಳೆ ಬೆರೆತ ಕಂದು ಬಣ್ಣದ್ದು. ಕೆಲವು ಕಲ್ಲುಗಳಲ್ಲಿ ಹಸಿರು-ಹಳದಿಯ ದುಂಡನೆಯ ಕಣ್ಣುಗಳಿರುತ್ತವೆ, ಅವನ್ನು ಉಳಿಸಿಕೊಂಡು ಶಿಲ್ಪಿ ಕೆತ್ತನೆ ಮಾಡುತ್ತಾನೆ. ಷ ಎಂದು ಕರೆಯುವ ಕಲ್ಲು ಕಪ್ಪು. ಅದರಲ್ಲಿ ಬಂಗಾರದ ಚುಕ್ಕೆಯಂಥ ಹೊಳಪು ಅಥವಾ ಹುಬ್ಬಿನಂಥ ಗೆರೆಗಳು ಕಾಣುತ್ತವೆ. ಒಳ್ಳೆಯ ಕಲ್ಲಿಗೆ ಒಂದು ವಿಚಿತ್ರವಾದ ಗುಣವಿದೆ: ಅಂಗೈಯಿಂದ ಸವರಿದರೆ ಮಗುವಿನ ಕೆನ್ನೆಯಷ್ಟು ನುಣುಪು, ಮಸಿಕಡ್ಡಿ ಇಟ್ಟು ತಿರುಗಿಸಿದರೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಬಾಯಿಂದ ಹಬೆ ಬಿಟ್ಟರೆ ತೇವ ಬೇಗ ಆರುವುದಿಲ್ಲ. ಬೆರಳ ತುದಿಗಳ ಮೇಲೆ ಎತ್ತಿ ಹಿಡಿದು ಮೆಲ್ಲಗೆ ತಟ್ಟಿದಾಗ ದ್ವಾನ್ ಕಲ್ಲು ಕಟ್ಟಿಗೆಯ ಸದ್ದು ಕೊಟ್ಟರೆ ಉತ್ತಮ ಎಂದು ಅಲ್ಲಿನ ಹಿರಿಯರು ಎಣಿಸುತ್ತಾರೆ.

ಸವೆತವನ್ನು ಓದಬೇಕಾದದ್ದು ತೇಯುವ ಬಯಲಿನ ನಡುವೆ. ಬಹಳ ಕಾಲ ಬಳಸಿದ ಕಲ್ಲಿನಲ್ಲಿ ಅಲ್ಲಿ ತಗ್ಗು ಬಿದ್ದಿರುತ್ತದೆ, ನಮ್ಮ ಮನೆಯ ಸಾಣೆಕಲ್ಲಿಗೆ ಬಿದ್ದಂತೆಯೇ. ಅಂಚುಗಳು ಕೈ ತಾಗಿ ದುಂಡಗಾಗಿರುತ್ತವೆ. ಮೂಲೆಗಳಲ್ಲಿ ಹಳೆಯ ಮಸಿ ಪದರಗಟ್ಟಿ ಕಲ್ಲಿನೊಂದಿಗೆ ಒಂದಾಗಿರುತ್ತದೆ. ಈ ಪದರವನ್ನು ತೊಳೆಯಬಾರದು. ನಾನು ಮೊದಲು ಕೊಂಡ ಮಸಿಗಲ್ಲನ್ನು ಮನೆಗೆ ತಂದ ದಿನವೇ ಹುಣಸೆಹಣ್ಣು ಮತ್ತು ತೆಂಗಿನ ನಾರಿನಿಂದ ತಿಕ್ಕಿ ಬೆಳಗಿದೆ, ಹಿತ್ತಾಳೆಯ ಪಾತ್ರೆಯನ್ನು ಬೆಳಗಿದಂತೆ. ಕಲ್ಲು ಚೊಕ್ಕಟವಾಯಿತು, ಅದು ಹಳೆಯದೆಂದು ಹೇಳುತ್ತಿದ್ದ ಸಾಕ್ಷಿ ಬಚ್ಚಲಿಗೆ ಹರಿದುಹೋಯಿತು. ಇಂದಿಗೂ ಆ ಕಲ್ಲನ್ನು ಕೈಗೆ ತೆಗೆದುಕೊಂಡಾಗ ನನಗೆ ನೋವಾಗುತ್ತದೆ. ನಕಲಿ ಕಲ್ಲುಗಳಿಗಾದರೋ ಹಳೆಯ ಮಸಿಯಂತೆ ಕಾಣಲೆಂದು ಕಪ್ಪು ಬಣ್ಣ ಬಳಿದಿರುತ್ತಾರೆ. ಒದ್ದೆ ಹತ್ತಿಯನ್ನು ತಳದ ಒಂದು ಮೂಲೆಯಲ್ಲಿ ಮೆಲ್ಲಗೆ ಒತ್ತಿ ತೆಗೆದರೆ ಬಣ್ಣ ಹತ್ತಿಗೆ ಬರುತ್ತದೆಯೋ ಇಲ್ಲವೋ ತಿಳಿಯುತ್ತದೆ. ಅಷ್ಟಕ್ಕಿಂತ ಹೆಚ್ಚಿನ ಪರೀಕ್ಷೆ ಬೇಡ.

ಬಿದಿರಿನ ಕುಂಚದಾನಿಯ ಪಾಠವನ್ನು ನನಗೆ ಕಲಿಸಿದವರು ಬೆಳಗಾವಿಯ ಒಬ್ಬ ಮೇದಾರ ಅಜ್ಜ. ಹಳೆಯ ಸಾಮಾನಿನ ಅಂಗಡಿಯಿಂದ ಎರಡು ಕುಂಚದಾನಿಗಳನ್ನು ನೋಡಲೆಂದು ಮನೆಗೆ ತಂದಿದ್ದೆ. ಎರಡರ ಮೇಲೂ ಪೈನ್ ಮರದ ಕೆಳಗೆ ಕುಳಿತ ಮುದುಕರ ಕೆತ್ತನೆ, ಎರಡಕ್ಕೂ ಜೇನಿನ ಬಣ್ಣ. ಬುಟ್ಟಿ ಹೆಣೆಯುತ್ತ ಕುಳಿತಿದ್ದ ಅಜ್ಜನ ಮುಂದೆ ಅವನ್ನು ಇಟ್ಟೆ. ಅವರು ಕೆತ್ತನೆಯನ್ನು ನೋಡಲೇ ಇಲ್ಲ. ಬಾಯಂಚನ್ನು ಬಿಸಿಲಿಗೆ ಹಿಡಿದರು. "ಇದು ಬಿದಿರಲ್ರೀ ಸಾಹೇಬ್ರ, ತುದಿ ನೋಡ್ರಿ, ಚುಕ್ಕೀನ ಇಲ್ಲ" ಎಂದು ಒಂದನ್ನು ಬದಿಗಿಟ್ಟರು. ಇನ್ನೊಂದರ ಅಂಚಿನಲ್ಲಿ ಸೂಜಿ ಚುಚ್ಚಿದಂಥ ಕಂದು ಚುಕ್ಕೆಗಳು, ಒಳಗೋಡೆಯ ಕಡೆಗೆ ವಿರಳವಾಗಿ, ಹೊರಸಿಪ್ಪೆಯ ಕಡೆಗೆ ಒತ್ತೊತ್ತಾಗಿ ಕಂಡವು. ಅವು ಬಿದಿರಿನ ನಾರಿನ ಕಟ್ಟುಗಳು. ರಾಳವನ್ನು ಅಚ್ಚಿನಲ್ಲಿ ಹೊಯ್ದು ಮಾಡಿದ ನಕಲಿಗೆ ಅವು ಬರುವುದಿಲ್ಲ. ನಿಜವಾದ ಬಿದಿರು ಎಂದ ಮಾತ್ರಕ್ಕೆ ಹಳೆಯದೆಂದು ಅರ್ಥವಲ್ಲ, ಆದರೆ ಮುಂದಿನ ಪ್ರಶ್ನೆಗಳನ್ನು ಕೇಳಲು ಅರ್ಹತೆ ಬಂತು. ಬಿದಿರು ಮೊದಲು ಹುಲ್ಲಿನ ಹಳದಿ, ಆಮೇಲೆ ಜೇನು, ಬಹಳ ಕಾಲದ ಮೇಲೆ ಕೆಂಗಂದು. ಕೈ ತಾಗುವ ಉಬ್ಬುಗಳು ಹೊಳೆಯಬೇಕು, ಕೆತ್ತನೆಯ ತಗ್ಗುಗಳು ಮಂಕಾಗಿರಬೇಕು, ಒಳಮೈ ಹೊರಮೈಯಷ್ಟು ಕೆಂಪಾಗಿರಬಾರದು. ತಗ್ಗು, ಉಬ್ಬು, ಒಳಗು, ಹೊರಗು ಎಲ್ಲ ಒಂದೇ ಬಣ್ಣವಾಗಿದ್ದರೆ ಅದು ಬಣ್ಣದಲ್ಲಿ ಅದ್ದಿ ತೆಗೆದದ್ದು.

ಕಟ್ಟಿಗೆಯ ಕುಂಚದಾನಿಗಳಲ್ಲಿ ಝಿಟಾನ್ ಎಂಬುದಕ್ಕೆ ಅತಿ ಹೆಚ್ಚಿನ ಮಾನ. ಅದು ಹೆಚ್ಚಾಗಿ ನಮ್ಮ ರಕ್ತಚಂದನವೇ. ಆಂಧ್ರದ ಬೆಟ್ಟಗಳಲ್ಲಿ ಬೆಳೆಯುವ ಆ ಮರ ಸಮುದ್ರ ದಾಟಿ ಅರಮನೆಯ ಪೀಠೋಪಕರಣಗಳಾಯಿತು. ನೀರಿನಲ್ಲಿ ಮುಳುಗುವಷ್ಟು ಭಾರ ಅದರ ಲಕ್ಷಣ.

ಜೇಡ್ ಎಂದು ಮಾರುವ ಹಸಿರು ಕಲ್ಲಿನ ವಿಷಯದಲ್ಲಿ ಕಣ್ಣನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಸ್ತುವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 118 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 40 ತೋರಿಸಿದರೆ ಉತ್ತರ 2.95, ಅದು ಚೀನಾದ ಪಶ್ಚಿಮ ಭಾಗದ ಖೋತಾನ್ ಕಡೆಯ ಹಳೆಯ ಜೇಡ್, ಅಂದರೆ ನೆಫ್ರೈಟ್, ಇರಬೇಕಾದ ಸಾಂದ್ರತೆ. ಬರ್ಮಾದ ಜೇಡೈಟ್ ಸುಮಾರು 3.33. ಅದೇ 118 ಗ್ರಾಂ ಕಲ್ಲು 45 ತೋರಿಸಿದರೆ ಉತ್ತರ 2.62, ಅದು ಸರ್ಪೆಂಟೈನ್ ಅಥವಾ ಬಣ್ಣ ಹಾಕಿದ ಸ್ಫಟಿಕಶಿಲೆಯಾಗಿರಬಹುದು, ಜೇಡ್ ಅಂತೂ ಅಲ್ಲ. ಟೊಳ್ಳು ಪಾತ್ರೆಯಾದರೆ ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಳ್ಳಬೇಕು. ಮುದ್ರೆಗಳಲ್ಲಿ ಬಹಳಷ್ಟು ಮೃದುವಾದ ಕಲ್ಲಿನವು, ಷೋಷಾನ್ ಮತ್ತು ಚಿಂಗ್‌ಟ್ಯಾನ್ ಊರಿನವು. ನಮ್ಮ ಬಳಪದ ಕಲ್ಲಿನಂತೆ ಕೆತ್ತಲು ಸುಲಭ, ಗೀರು ಬೀಳುವುದೂ ಸುಲಭ.

ಕೆಲವು ವಸ್ತುಗಳನ್ನು ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. ಆನೆಯ ದಂತದ ಕುಂಚದಾನಿ ಮತ್ತು ಮುದ್ರೆ, ಘೇಂಡಾಮೃಗದ ಕೊಂಬಿನ ಬಟ್ಟಲು, ಆಮೆಯ ಚಿಪ್ಪಿನ ಪೆಟ್ಟಿಗೆ ಇವುಗಳ ಕೊಳ್ಳುವಿಕೆ-ಮಾರಾಟಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ, ವಸ್ತು ಎಷ್ಟು ಹಳೆಯದೆಂಬ ಮಾತು ರಕ್ಷಣೆಯಾಗುವುದಿಲ್ಲ. ಉಳಿದವುಗಳಿಗೆ ಅದೇ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಇದೆ. ಅದು 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ನೂರು ವರ್ಷ ತುಂಬಿದ ಕಲಾವಸ್ತು ಮತ್ತು 75 ವರ್ಷ ತುಂಬಿದ ಮಹತ್ವದ ಹಸ್ತಪ್ರತಿ ಈ ಕಾಯ್ದೆಯಲ್ಲಿ ಪ್ರಾಚ್ಯವಸ್ತು ಎನಿಸುತ್ತದೆ. ಅಂಥದನ್ನು ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು. ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಂಥ ಅಧಿಸೂಚಿತ ವರ್ಗಗಳನ್ನು ನೋಂದಾಯಿಸಬೇಕು. ಖಾಸಗಿ ವ್ಯಕ್ತಿ ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ ಪರವಾನಗಿಯ ಸಂಖ್ಯೆಯಿರುವ, ವಸ್ತುವಿನ ವಿವರ ಬರೆದ ರಸೀದಿಯಿಲ್ಲದೆ ಹಣ ಕೊಡಬೇಡಿ. "ರಸೀದಿ ಯಾಕ್ರಿ, ನಮ್ಮ ನಿಮ್ಮ ನಡುವ" ಎಂದವರ ಅಂಗಡಿಯಿಂದ ನಾನು ಬರಿಗೈಯಲ್ಲಿ ಬಂದಿದ್ದೇನೆ.

ಕೊಳ್ಳುವಾಗ ವಸ್ತುವನ್ನು ಅಂಗಡಿಯ ಹಳದಿ ದೀಪದ ಕೆಳಗೆ ನೋಡದೆ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ. ನೋಟುಗಳನ್ನು ಪರೀಕ್ಷಿಸುವ ಸಣ್ಣ ಅಲ್ಟ್ರಾವಯಲೆಟ್ ಟಾರ್ಚ್ ಜೇಬಿನಲ್ಲಿರಲಿ. ಕತ್ತಲಲ್ಲಿ ಹಿಡಿದರೆ ಒಡೆದು ಅಂಟಿಸಿದ ಜಾಗ, ಮೇಲೆ ಬಳಿದ ಹೊಸ ಬಣ್ಣ ಬೇರೆಯಾಗಿ ಮಿನುಗುತ್ತದೆ. ತಂದ ದಿನವೇ ಒಂದು ವಹಿಯಲ್ಲಿ ಅಳತೆ, ತೂಕ, ಬೆಲೆ, ಎಲ್ಲಿಂದ ಬಂತು, ಎಲ್ಲೆಲ್ಲಿ ಬಿರುಕಿದೆ ಎಂಬುದನ್ನು ಬರೆದು, ತಳ ಸೇರಿದಂತೆ ಎಲ್ಲ ಬದಿಯ ಫೋಟೊ ತೆಗೆದಿಡಿ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳ ಹವೆ ಒಂದೇ ಅಲ್ಲ, ಆರೈಕೆಯೂ ಒಂದೇ ಆಗಲಾರದು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುತ್ತವೆ. ಮಸಿಕಡ್ಡಿಯಲ್ಲಿರುವ ಅಂಟಿಗೆ ಬೂಷ್ಟು ಹಿಡಿಯುತ್ತದೆ, ಬಿದಿರಿಗೆ ಹುಳ ಬೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿಗೆ ಬಿದಿರು ಉದ್ದಕ್ಕೆ ಸೀಳುತ್ತದೆ, ಮಸಿಕಡ್ಡಿ ತುಂಡಾಗುತ್ತದೆ. ಅಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಬಟ್ಟಲು ನೀರಿಟ್ಟು ತೇವವನ್ನು ಉಳಿಸಬೇಕು, ನೀರು ವಸ್ತುವಿಗೆ ತಾಗಬಾರದು. ಏರ್ ಕೂಲರಿನ ಎದುರಿಗೆ ಇಡುವುದಂತೂ ಬೇಡವೇ ಬೇಡ. ಕಟ್ಟಿಗೆಗೆ, ಬಿದಿರಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಖಂಡೇನವಮಿಗೆ ಪುಸ್ತಕ, ಲೇಖನಿಗಳ ಜೊತೆ ಇವನ್ನೂ ಪೂಜೆಗಿಡುವ ಆಸೆ ಹಲವರಿಗೆ ಇರುತ್ತದೆ, ನಮ್ಮ ಮನೆಯಲ್ಲಿಯೂ ಇಡುತ್ತೇವೆ. ಆದರೆ ಅರಿಷಿಣ-ಕುಂಕುಮವನ್ನು ವಸ್ತುವಿಗೆ ಹಚ್ಚದೆ ಅದರ ಮುಂದಿಟ್ಟ ವೀಳ್ಯದೆಲೆಯ ಮೇಲೆ ಹಾಕಿ. ಬಿದಿರಿನ ನಾರಿಗೂ ಪಿಂಗಾಣಿಯ ಅಡಿಯ ಬಳೆಗೂ ಹತ್ತಿದ ಅರಿಷಿಣ ಮತ್ತೆ ಹೋಗುವುದಿಲ್ಲ.